ಕೆಮ್ಮುತ್ತ ಬಾಗಿಲಿಗೆ ಬಂದವರು



ಇಲ್ಲಿಗೆ ಬರುವ ಮುಂಚೆ ಬೇಗೂರಿನ ನಾಗೇಶ್ವರನ ಗುಡಿಗೆ ಹೋಗಿ ಅಲ್ಲಿನ ಶಾಸನದ ಕಲ್ಲನ್ನು ಇನ್ನೊಂದು ಸಲ ನೋಡಿಕೊಂಡು ಬಂದೆ. ಅದರ ವಿಷಯ ಬೇಗೂರಿನವರಿಗೆ ನಾನು ಹೇಳಬೇಕಾಗಿಲ್ಲ. ಸುಮಾರು 1,100 ವರ್ಷಗಳ ಹಿಂದೆ, ಗಂಗರ ಕಾಲದಲ್ಲಿ, ಬೆಂಗಳೂರು ಅನ್ನುವ ಹೆಸರು ಬರಹದಲ್ಲಿ ಉಳಿದದ್ದು ಆ ಕಲ್ಲಿನಿಂದ. ಎಲ್ಲರೂ ಅದನ್ನು ಊರಿನ ಹೆಸರಿಗಾಗಿ ಓದುತ್ತಾರೆ. ಮೂವತ್ತು ವರ್ಷ ಸರ್ಕಾರಿ ಸೇವೆಯಲ್ಲಿ ಕ್ಷಯರೋಗಿಗಳ ನಡುವೆ ಕಳೆದ ನನಗೆ ಕಣ್ಣು ಹೋಗುವುದು ಬೇರೆ ಕಡೆಗೆ. ಸತ್ತವನು ಯಾರ ಕಡೆಯವನು, ಎಲ್ಲಿ ಸತ್ತ, ಯಾವುದರಿಂದ ಸತ್ತ, ಇಷ್ಟನ್ನೂ ಆ ಕಲ್ಲು ಹೇಳುತ್ತದೆ: ನಾಗತ್ತರ ಎಂಬುವನ ಕಡೆಯವನು, ಬೆಂಗುಳೂರ ಕಾಳಗದಲ್ಲಿ. ಒಂದು ಸಾವಿನ ಬಗ್ಗೆ ಸಾರ್ವಜನಿಕ ಆರೋಗ್ಯ ಇಲಾಖೆ ತಿಳಿಯಬಯಸುವುದೂ ಇಷ್ಟನ್ನೇ.

ಈ ಉಪನ್ಯಾಸಕ್ಕೆ ದತ್ತಿಯನ್ನು ಇಟ್ಟವರು ತಮ್ಮ ಹೆಸರನ್ನು ಸಭೆಯಲ್ಲಿ ಹೇಳಬಾರದು ಎಂದಿದ್ದಾರೆ. ಒಂದು ಮಾತು ಹೇಳಲು ಮಾತ್ರ ಒಪ್ಪಿಗೆ ಕೊಟ್ಟರು. ಅವರ ತಾಯಿ ತೀರಿಕೊಂಡದ್ದು ಕ್ಷಯದಿಂದ. ಮನೆಯವರು ಊರಿಗೆ ಹೇಳಿದ್ದು ‘ಒಳಜ್ವರ’ ಎಂದು. ಯುದ್ಧದಲ್ಲಿ ಸತ್ತರೆ ಕಲ್ಲು ನಿಲ್ಲಿಸುವ ನಾಡಿನಲ್ಲಿ ಕೆಮ್ಮಿ ಸತ್ತವರ ಸಾವಿಗೆ ಹೆಸರೂ ಇಲ್ಲ. ಹಾಗಾಗಿ ಇವತ್ತಿನ ಮಾತನ್ನು ಕ್ಷಯದ ಮೇಲೆಯೇ ಕಟ್ಟುತ್ತೇನೆ. ವಿಜ್ಞಾನ ಸರ್ಕಾರದ ಆರೋಗ್ಯ ನೀತಿಯನ್ನು ಹೇಗೆ ರೂಪಿಸುತ್ತದೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಬಳ್ಳಾರಿ ರಸ್ತೆಯವರೆಗೆ, ಅಲ್ಲಿಂದ ತುಮಕೂರಿನವರೆಗೆ ಹೋದರೆ ಸಾಕು.

ಬಳ್ಳಾರಿ ರಸ್ತೆಯಲ್ಲಿ ‘ಅವಲಾನ್’ ಎಂಬ ಹಳೆಯ ಕಟ್ಟಡವಿದೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದದ್ದು ಅಲ್ಲಿ. ಆ ಹೊತ್ತಿಗೆ ಒಂದು ದೊಡ್ಡ ನಂಬಿಕೆ ಕುಸಿದುಬಿದ್ದಿತ್ತು. ಕ್ಷಯ ಎಂದರೆ ಪಟ್ಟಣದ ಕಾಯಿಲೆ, ಗಿರಣಿಯ ಹೊಗೆ, ಕತ್ತಲೆ ಕೋಣೆಗಳ ಕಾಯಿಲೆ, ಹಳ್ಳಿಯ ಗಾಳಿ ಬೆಳಕಿನಲ್ಲಿ ಅದು ಕಡಿಮೆ ಎಂದು ಎಲ್ಲರೂ ತಿಳಿದಿದ್ದರು. 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಬೇರೆ ಬೇರೆ ಕಡೆ ಎಕ್ಸ್‌ರೇ ಗಾಡಿಗಳನ್ನು ಒಯ್ದು ಎಣಿಸಿದಾಗ ಹಳ್ಳಿಯಲ್ಲೂ ಪಟ್ಟಣದಲ್ಲಿರುವಷ್ಟೇ ಕ್ಷಯ ಕಂಡಿತು. ದೇಶದ ಬಹುಪಾಲು ಜನ ಹಳ್ಳಿಯಲ್ಲಿದ್ದರು. ಅಂದರೆ ಬಹುಪಾಲು ರೋಗಿಗಳೂ ಅಲ್ಲೇ. ಇದ್ದ ಹಾಸಿಗೆಗಳೆಲ್ಲ ಪಟ್ಟಣದ ಸ್ಯಾನಟೋರಿಯಂಗಳಲ್ಲಿ. ಆ ಲೆಕ್ಕಕ್ಕೂ ಈ ವ್ಯವಸ್ಥೆಗೂ ತಾಳೆಯೇ ಇರಲಿಲ್ಲ.

ಹಾಗಾದರೆ ಹಳ್ಳಿಯ ರೋಗಿಯನ್ನು ಹುಡುಕುವುದು ಹೇಗೆ? ಆಗಿನ ಬಹಳಷ್ಟು ತಜ್ಞರ ಉತ್ತರ ಸಿದ್ಧವಾಗಿತ್ತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮನ್ನು ಲಕ್ಷಿಸುವುದಿಲ್ಲ, ಲಕ್ಷಿಸಿದರೂ ನಾಟಿ ಮದ್ದಿನವರ ಹತ್ತಿರ ಹೋಗುತ್ತಾರೆ. ಆದ್ದರಿಂದ ಮನೆಮನೆಗೆ ಎಕ್ಸ್‌ರೇ ಗಾಡಿ ಕಳಿಸಬೇಕು, ಜನರಿಗೆ ಪಾಠ ಹೇಳಬೇಕು. ನಮ್ಮಲ್ಲಿ ಅಜ್ಜಿಗೆ ಕೆಮ್ಮು ಕಲಿಸುವುದು ಎಂಬ ಮಾತಿದೆಯಲ್ಲ, ನೀತಿ ಹೊರಟದ್ದು ಆ ದಾರಿಯಲ್ಲಿ.

ಬಳ್ಳಾರಿ ರಸ್ತೆಯ ಆ ಸಂಸ್ಥೆಯಲ್ಲಿ ದೇಬಬರ್ ಬ್ಯಾನರ್ಜಿ ಎಂಬ ತರುಣರಿದ್ದರು. ವೈದ್ಯರು, ಜೊತೆಗೆ ಮಾನವಶಾಸ್ತ್ರ ಓದಿದವರು. ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಅವರ ಜೊತೆಗಿದ್ದರು. ಇಬ್ಬರೂ ತುಮಕೂರು ಜಿಲ್ಲೆಯಲ್ಲಿ ಒಂದು ಅಧ್ಯಯನ ನಡೆಸಿದರು. ಕ್ಷಯ ಸಮೀಕ್ಷೆ ಮುಗಿದ ಊರುಗಳಲ್ಲಿ ಎಕ್ಸ್‌ರೇಯಲ್ಲಿ ರೋಗ ಕಂಡವರನ್ನೂ, ಅವರದೇ ವಯಸ್ಸಿನ ಆರೋಗ್ಯವಂತರನ್ನೂ ಬೇರೆ ಜನ ಹೋಗಿ ಮಾತಾಡಿಸಿದರು. ಮೈಗೆ ಏನಾದರೂ ಆಗಿದೆಯೇ? ಅದರ ಬಗ್ಗೆ ಚಿಂತೆ ಇದೆಯೇ? ಏನು ಮಾಡಿದಿರಿ? ಎಲ್ಲಿಗೆ ಹೋದಿರಿ?

ಕಫದಲ್ಲಿ ರೋಗಾಣು ಇದ್ದವರಲ್ಲಿ ಹೆಚ್ಚೂ ಕಡಿಮೆ ಎಲ್ಲರಿಗೂ ತಮ್ಮ ಮೈಯ ಸ್ಥಿತಿ ಗೊತ್ತಿತ್ತು. ಬಹುಮಂದಿ ಅದರ ಚಿಂತೆಯಲ್ಲಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಮದ್ದು. ಕಫ ನೋಡಿದವರಿಲ್ಲ, ಹೆಸರು ಬರೆದುಕೊಂಡವರಿಲ್ಲ. ಸೀಸೆ ಹಿಡಿದು ಮನೆಗೆ ಹೋದರು. ಮನೆಯಲ್ಲಿ ಮಕ್ಕಳ ಪಕ್ಕ ಮಲಗಿ ಕೆಮ್ಮಿದರು.

ಈ ಅಧ್ಯಯನ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ 1963ರಲ್ಲಿ ಅಚ್ಚಾಯಿತು. ನಾನು ಓದಿದ್ದು ಬಹಳ ತಡವಾಗಿ, ಕೆಲಸಕ್ಕೆ ಸೇರಿ ಏಳೆಂಟು ವರ್ಷ ಆದಮೇಲೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ಆ ಸೀಸೆಯನ್ನು ನಾನೂ ಕೊಟ್ಟಿದ್ದೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ವರ್ಷ, ಬೆಳಗಿನ ಸಾಲಿನಲ್ಲಿ ನೂರು ನೂರಿಪ್ಪತ್ತು ಜನ. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಒಬ್ಬ ಮನುಷ್ಯ ಮೂರು ಸಲ ಬಂದ. ಮೂರು ಸಲವೂ ಚೀಟಿಯಲ್ಲಿ ಕೆಮ್ಮಿನ ಔಷಧ ಬರೆದೆ. ನಾಲ್ಕನೇ ಸಲ ಬಂದವಳು ಅವನ ಹೆಂಡತಿ. ಅವನು ಬರಲಿಲ್ಲ. ಅಜ್ಞಾನ ಅವನದಾಗಿರಲಿಲ್ಲ.

ವಿಜ್ಞಾನ ನೀತಿಯನ್ನು ತಿದ್ದಿತು ಎನ್ನುವಾಗ ನಮ್ಮ ಮನಸ್ಸಿಗೆ ಬರುವುದು ಹೊಸ ಔಷಧ, ಹೊಸ ಯಂತ್ರ, ಲಸಿಕೆ. ತುಮಕೂರಿನಲ್ಲಿ ಇವು ಯಾವುವೂ ಹೊಸದಾಗಿ ಬಂದಿರಲಿಲ್ಲ. ಅಲ್ಲಿ ಬದಲಾದದ್ದು ಪ್ರಶ್ನೆ. ‘ಜನ ಯಾಕೆ ಬರುವುದಿಲ್ಲ’ ಎಂದು ಕೇಳುತ್ತಿದ್ದವರಿಗೆ ‘ಬಂದವರಿಗೆ ನಾವು ಏನು ಮಾಡಿದೆವು’ ಎಂದು ಕೇಳಿಕೊಳ್ಳಬೇಕಾಗಿ ಬಂತು. ಆ ಪ್ರಶ್ನೆ ಬದಲಾದದ್ದರಿಂದ ಇಡೀ ದೇಶದ ಕಾರ್ಯಕ್ರಮದ ಆಕಾರವೇ ಬದಲಾಯಿತು. ಅಧ್ಯಯನ ಅಚ್ಚಾಗುವ ಮೊದಲೇ, 1962ರಲ್ಲಿ ಬಂದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಎಕ್ಸ್‌ರೇ ಗಾಡಿಯ ಕನಸನ್ನು ಬಿಟ್ಟು, ಸಾಮಾನ್ಯ ಆಸ್ಪತ್ರೆಗಳನ್ನೇ ನೆಚ್ಚಿತು. ಕೆಮ್ಮುತ್ತ ತಾವಾಗಿ ಬಂದವರ ಕಫವನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅಲ್ಲೇ ಮಾತ್ರೆ ಕೊಡಬೇಕು, ಜಿಲ್ಲೆಯ ಕ್ಷಯ ಕೇಂದ್ರ ಇವಕ್ಕೆಲ್ಲ ಬೆನ್ನೆಲುಬಾಗಿರಬೇಕು. ಆ ದಿನಗಳಲ್ಲಿ ಬೆಂಗಳೂರಿನ ಸಂಸ್ಥೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಇದ್ದವರು ಡೆನ್ಮಾರ್ಕಿನ ಹಾಫ್ಡನ್ ಮಾಹ್ಲರ್. 1973ರಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರಲ್ಲಿ ಅಲ್ಮಾ ಆಟಾದಲ್ಲಿ ‘ಎಲ್ಲರಿಗೂ ಆರೋಗ್ಯ’ ಎಂಬ ಘೋಷಣೆಯನ್ನು ಜಗತ್ತಿನ ಮುಂದಿಟ್ಟಾಗ ಅದರ ಮುಂಚೂಣಿಯಲ್ಲಿದ್ದವರು ಅವರೇ. ಆ ಘೋಷಣೆಯ ಒಂದು ಬೇರು ನಮ್ಮ ತುಮಕೂರಿನ ಮಣ್ಣಿನಲ್ಲಿದೆ ಎಂದು ನಾನು ನಂಬಿದ್ದೇನೆ.

ಅದೇ ಸಂಸ್ಥೆ ಇನ್ನೊಂದು ಕೆಲಸವನ್ನೂ ಮಾಡಿತು. 1961ರಿಂದ ಐದಾರು ವರ್ಷ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ, ಯಾರಿಗೆ ರೋಗ ಬಂತು, ಯಾರು ಉಳಿದರು ಎಂದು ಬರೆದುಕೊಂಡಿತು. ಆಗ ಆ ಹಳ್ಳಿಗಳಲ್ಲಿ ವ್ಯವಸ್ಥಿತವಾದ ಕ್ಷಯ ಚಿಕಿತ್ಸೆಯ ಕಾರ್ಯಕ್ರಮ ಇರಲಿಲ್ಲ. ಮೊದಲ ಸಲ ಕಫದಲ್ಲಿ ರೋಗಾಣು ಕಂಡವರನ್ನು ಐದು ವರ್ಷದ ನಂತರ ಹುಡುಕಿದಾಗ ಶೇಕಡಾ 49 ಮಂದಿ ತೀರಿಕೊಂಡಿದ್ದರು. 18 ಮಂದಿ ಇನ್ನೂ ರೋಗಾಣು ಉಗುಳುತ್ತಿದ್ದರು. 33 ಮಂದಿ ತಾವಾಗಿ ಚೇತರಿಸಿಕೊಂಡಿದ್ದರು. ಔಷಧ ಮುಟ್ಟದಿದ್ದರೆ ಕ್ಷಯ ಏನು ಮಾಡುತ್ತದೆ ಎಂದು ಜಗತ್ತಿನ ಹಲವು ಲೆಕ್ಕಾಚಾರಗಳು ಇಂದಿಗೂ ನೋಡುವ ಅಂಕಿಗಳು ಇವು. ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ನನಗೆ ಅವು ನಮ್ಮ ಸುತ್ತಲಿನ ಹಳ್ಳಿಗಳ ವೀರಗಲ್ಲುಗಳ ಹಾಗೆ ಕಾಣುತ್ತವೆ, ಹೆಸರು ಕೆತ್ತದೆ ಬಿಟ್ಟ ಕಲ್ಲುಗಳು. ಸತ್ತವರ ಸಾವಿನಿಂದ ನಾವು ಕಲಿತಿದ್ದೇವೆ. ಆ ಮನೆಗಳಿಗೆ ನಾವು ಋಣಿಗಳು ಎಂಬುದನ್ನು ಯಾವ ವರದಿಯೂ ಬರೆದಿಲ್ಲ.

ಈಗ ಮದರಾಸಿಗೆ ಹೋಗೋಣ. ನನ್ನ ಮಾತಿನ ಹೃದಯ ಅಲ್ಲಿದೆ.

1956ರಲ್ಲಿ ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ವಾಲೆಸ್ ಫಾಕ್ಸ್ ಮತ್ತು ಅವರ ಸಂಗಡಿಗರು 193 ಬಡ ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲು ಒಂದು ವರ್ಷ ಸ್ಯಾನಟೋರಿಯಂನಲ್ಲಿ. ಇನ್ನೊಂದು ಪಾಲು ತಮ್ಮದೇ ಇಕ್ಕಟ್ಟಿನ ಮನೆಗಳಲ್ಲಿ. ಎರಡೂ ಪಾಲಿಗೂ ಅದೇ ಔಷಧ, ಐಸೊನಯಜಿಡ್ ಮತ್ತು ಪಿಎಎಸ್. ಸ್ಯಾನಟೋರಿಯಂನವರಿಗೆ ಒಳ್ಳೆಯ ಊಟ, ವಿಶ್ರಾಂತಿ, ಗಾಳಿ, ದಾದಿಯರು. ಮನೆಯವರಿಗೆ ಅರೆಹೊಟ್ಟೆ, ದುಡಿಮೆ, ಸೊಳ್ಳೆ. ವರ್ಷದ ಕೊನೆಗೆ ನೋಡಿದರೆ ಎರಡೂ ಪಾಲಿನಲ್ಲಿ ಗುಣವಾದವರ ಪ್ರಮಾಣ ಹತ್ತಿರ ಹತ್ತಿರ ಒಂದೇ. ಮನೆಯಲ್ಲಿದ್ದವರಿಂದ ಮನೆಮಂದಿಗೆ ಹೆಚ್ಚು ಸೋಂಕು ತಗುಲಿದ್ದೂ ಕಾಣಲಿಲ್ಲ. 1959ರಲ್ಲಿ ಈ ವರದಿ ಬಂದಮೇಲೆ ಜಗತ್ತಿನಾದ್ಯಂತ ಸ್ಯಾನಟೋರಿಯಂಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಹಾಸಿಗೆ ಇಲ್ಲ ಎಂದು ವಾಪಸು ಕಳಿಸುವ ಕಾಲ ಮುಗಿಯಿತು. ಅದು ಎಷ್ಟು ದೊಡ್ಡ ಬಿಡುಗಡೆ ಎಂದು ತಿಳಿಯಬೇಕಾದರೆ ಅದಕ್ಕಿಂತ ಹಿಂದಿನ ತಲೆಮಾರಿನವರನ್ನು ಕೇಳಬೇಕು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯ ಆಸ್ಪತ್ರೆಗೆ ಸೇರಿಸಲು ಶಿಫಾರಸು ಪತ್ರ ಹಿಡಿದು ಅಲೆದ ಕಥೆಗಳು ನಮ್ಮ ಮನೆಗಳಲ್ಲೇ ಇವೆ.

ಆದರೆ ಆ ಅಧ್ಯಯನ ಕೇಳಿದ್ದು ಒಂದೇ ಪ್ರಶ್ನೆ. ರೋಗ ಬಂದಾದ ಮೇಲೆ, ಔಷಧ ಸರಿಯಾಗಿ ಕೊಟ್ಟರೆ, ಮನೆಯಲ್ಲೇ ಗುಣವಾಗುತ್ತದೆಯೇ? ಉತ್ತರ, ಹೌದು. ನೀತಿ ಆ ಉತ್ತರವನ್ನು ಎತ್ತಿಕೊಂಡಿತು, ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂತು. ‘ಊಟ ಚೆನ್ನಾಗಿರದಿದ್ದರೂ ಗುಣವಾಗುತ್ತದೆ’ ಎಂಬ ಮಾತು ಕಚೇರಿಯಿಂದ ಕಚೇರಿಗೆ ಸವೆಯುತ್ತ ಹೋಗಿ ‘ಕ್ಷಯಕ್ಕೂ ಊಟಕ್ಕೂ ಸಂಬಂಧವಿಲ್ಲ’ ಎಂದಾಯಿತು. ಹಾಗೆಂದು ಮದರಾಸಿನವರು ಹೇಳಿರಲಿಲ್ಲ. ಯಾರಿಗೆ ಕ್ಷಯ ಬರುತ್ತದೆ, ಯಾಕೆ ಬರುತ್ತದೆ, ಹಸಿದವರ ಮನೆಯಲ್ಲೇ ಯಾಕೆ ಬರುತ್ತದೆ ಎಂದು ಅವರು ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಅವರ ಹೆಸರಿನಲ್ಲಿ ನಾವು ಉತ್ತರ ಬರೆದುಕೊಂಡೆವು. ಮುಂದೆ ಎಷ್ಟೋ ದಶಕ ನಮ್ಮ ಕಾರ್ಯಕ್ರಮದಲ್ಲಿ ಮಾತ್ರೆಗೆ ಜಾಗವಿತ್ತು, ಮುದ್ದೆಗೆ ಇರಲಿಲ್ಲ. ‘ಹೊಟ್ಟೆ ಉರಿಯುತ್ತೆ ಡಾಕ್ಟ್ರೇ, ಖಾಲಿ ಹೊಟ್ಟೇಲಿ ಇಷ್ಟು ಮಾತ್ರೆ ನುಂಗಕ್ಕಾಗಲ್ಲ’ ಎಂದವರಿಗೆ ನಾವು ಧೈರ್ಯ ಹೇಳಿ ಕಳಿಸಿದೆವು.

ಆ ಬಿಟ್ಟುಬಂದ ಪ್ರಶ್ನೆಯನ್ನು ಎತ್ತಿಕೊಂಡವರು ಮಂಗಳೂರಿನವರು. ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ, ಚೆನ್ನೈನ ಅದೇ ಹಳೆಯ ಕೇಂದ್ರದ ಉತ್ತರಾಧಿಕಾರಿ ಸಂಸ್ಥೆಯ ಜೊತೆ ಸೇರಿ, ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅದರ ಹೆಸರೇ ‘ರೇಷನ್ಸ್’. 2,800 ರೋಗಿಗಳು, ಅವರ ಮನೆಗಳಲ್ಲಿ 10,345 ಜನ. ರೋಗಿಗಳೆಲ್ಲರಿಗೂ ತಿಂಗಳ ಆಹಾರದ ಚೀಲ ಸಿಕ್ಕಿತು. ಅರ್ಧ ಮನೆಗಳಲ್ಲಿ ಮನೆಮಂದಿಗೂ ಅಕ್ಕಿ, ಬೇಳೆಯಂಥ ಪಡಿತರ ಕೊಟ್ಟರು. ಮೊದಲ ದಿನ ತೂಗಿದಾಗ ಐದು ರೋಗಿಗಳಲ್ಲಿ ನಾಲ್ವರು ಅಪೌಷ್ಟಿಕರು. 2023ರ ಆಗಸ್ಟ್‌ನಲ್ಲಿ ಫಲಿತಾಂಶ ‘ಲ್ಯಾನ್ಸೆಟ್’ನಲ್ಲಿ ಬಂತು. ಪಡಿತರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರು ಶೇಕಡಾ 39ರಷ್ಟು ಕಡಿಮೆ; ಪರೀಕ್ಷೆಯಲ್ಲಿ ರೋಗಾಣು ಖಚಿತವಾದ ಕ್ಷಯವನ್ನಷ್ಟೇ ಎಣಿಸಿದರೆ ಶೇಕಡಾ 48ರಷ್ಟು ಕಡಿಮೆ. ಲಸಿಕೆಯೊಂದು ಇಷ್ಟು ಕೆಲಸ ಮಾಡಿದ್ದರೆ ಊರೆಲ್ಲ ಡಂಗುರ ಸಾರುತ್ತಿದ್ದೆವು. ವಯಸ್ಕರ ಶ್ವಾಸಕೋಶದ ಕ್ಷಯವನ್ನು ಬಿಸಿಜಿ ಲಸಿಕೆ ತಡೆಯುವುದಿಲ್ಲ ಎಂದು ಚೆಂಗಲ್‌ಪಟ್ಟಿನ ದೊಡ್ಡ ಪ್ರಯೋಗ ತೋರಿಸಿ ಎಷ್ಟೋ ಕಾಲವಾಗಿದೆ. ಇಲ್ಲಿ ಕೆಲಸ ಮಾಡಿದ್ದು ಬೇಳೆ.

ಸರ್ಕಾರ 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಯಿತು. ದಾನಿಗಳು ಕೊಡುವ ಆಹಾರದ ಚೀಲದ ಯೋಜನೆಯನ್ನು ರೋಗಿಯ ಮನೆಮಂದಿಗೂ ವಿಸ್ತರಿಸಿದರು. ವಿಜ್ಞಾನ ನೀತಿಯನ್ನು ಮುಟ್ಟಿತು, ಸಂತೋಷ. ಆದರೂ ದಿನಕ್ಕೆ 33 ರೂಪಾಯಿ. ಮನೆಮಂದಿಯ ಊಟ ಈಗಲೂ ದಾನಿಗಳ ಕೃಪೆಯಲ್ಲಿದೆ. ಪ್ರಯೋಗದಲ್ಲಿ ಕೊಟ್ಟದ್ದು ಧಾನ್ಯ, ತೂಕ ಮಾಡಿ, ತಪ್ಪದೆ, ತಿಂಗಳು ತಿಂಗಳು. ಬ್ಯಾಂಕ್ ಖಾತೆ ಜೋಡಣೆಯಾಗದೆ ಮೂರು ತಿಂಗಳು ತಡವಾಗಿ ಬರುವ ಹಣವನ್ನು ಅದಕ್ಕೆ ಸಮ ಎನ್ನಲಾಗದು. ನಮ್ಮ ಅನ್ನಭಾಗ್ಯದ ಅಂಗಡಿಗಳು ಪ್ರತಿ ಬೀದಿಯಲ್ಲಿವೆ, ಅಕ್ಕಿ ತೂಗುವ ಕೈಗಳಿವೆ. ಕ್ಷಯ ಬಂದ ಮನೆಯ ಕಾರ್ಡಿಗೆ ಆರು ತಿಂಗಳು ಹೆಚ್ಚು ಬೇಳೆ, ಎಣ್ಣೆ ಕೊಡಿ ಎಂದು ಒಂದು ಆದೇಶ ಸಾಕು. ಇದು ಕರ್ನಾಟಕದ ಕೈಲಾಗದ ಕೆಲಸವೇ?

ನೀತಿ ವಿಜ್ಞಾನದ ಮಾತನ್ನು ಬೇಗ ಕೇಳಿದ ಉದಾಹರಣೆಯೂ ಇದೆ. ರಕ್ತ ಪರೀಕ್ಷೆಯಿಂದ ಕ್ಷಯ ಹೇಳುತ್ತೇವೆ ಎಂದು ಖಾಸಗಿ ಲ್ಯಾಬುಗಳು ದೇಶದ ತುಂಬ ಮಾರುತ್ತಿದ್ದ ಪರೀಕ್ಷೆಗಳು ನಂಬಲರ್ಹವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. 2012ರಲ್ಲಿ ಭಾರತ ಅವನ್ನು ನಿಷೇಧಿಸಿತು. ತಡವಾಗಿ ಕೇಳಿದ ಉದಾಹರಣೆಗಳು ಹೆಚ್ಚು. ವಾರಕ್ಕೆ ಮೂರು ದಿನ ಮಾತ್ರೆ ಕೊಡುವ ಪದ್ಧತಿಯನ್ನು ಬಿಟ್ಟು ದಿನವೂ ಕೊಡಬೇಕು ಎಂಬ ಮಾತು ವರ್ಷಗಟ್ಟಲೆ ನಡೆಯಿತು. ಅದು ದೇಶದಾದ್ಯಂತ ಜಾರಿಯಾದದ್ದು 2017ರಲ್ಲಿ, ಮೊಕದ್ದಮೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ.

2025ಕ್ಕೆ ಕ್ಷಯವನ್ನು ಮುಗಿಸುತ್ತೇವೆ ಎಂದಿದ್ದೆವು. 2015ರಲ್ಲಿ ಲಕ್ಷ ಜನರಿಗೆ 237 ಹೊಸ ರೋಗಿಗಳಿದ್ದದ್ದು 2024ರಲ್ಲಿ 187ಕ್ಕೆ ಇಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಇಳಿಕೆಯ ಹಿಂದೆ ಸಾವಿರಾರು ಆಶಾ ಕಾರ್ಯಕರ್ತೆಯರ ಕಾಲ್ನಡಿಗೆ ಇದೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಮುಗಿಯುವುದು ಇನ್ನೂ ದೂರ.

ಇನ್ನು ಬೇಗೂರು. ನಾನು ಚಿಕ್ಕವನಿದ್ದಾಗ ಇಲ್ಲಿ ಕೆರೆ, ಗದ್ದೆ, ಗುಡಿ. ಈಗ ಹೊಸೂರು ರಸ್ತೆಯಿಂದ ಇಲ್ಲಿಯವರೆಗೆ ಗಾರ್ವೇಭಾವಿಪಾಳ್ಯ, ಹೊಂಗಸಂದ್ರ, ಸಿಂಗಸಂದ್ರ, ದೇವರಚಿಕ್ಕನಹಳ್ಳಿ ಒಂದಕ್ಕೊಂದು ಬೆಸೆದುಕೊಂಡಿವೆ. ಒಂದು ಕಡೆ ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟು, ಅದರ ಗೋಡೆಯಾಚೆ ಶೀಟಿನ ಮನೆಗಳ ಸಾಲು. ಹತ್ತು ಅಡಿ ಉದ್ದದ ಕೋಣೆಯಲ್ಲಿ ನಾಲ್ವರು ಹೆಣ್ಣುಮಕ್ಕಳು. ಕಲಬುರಗಿ, ರಾಯಚೂರು, ಒಡಿಶಾ ಕಡೆಯವರು. ಆ ಪ್ರಯೋಗ ನಡೆದ ಜಾರ್ಖಂಡ್‌ನಿಂದ ಬಂದವರೂ ಇದ್ದಾರೆ. ಬೆಳಿಗ್ಗೆ ಗಾರ್ಮೆಂಟ್ಸ್, ಸಂಜೆ ಕೋಣೆ. ಇವರಲ್ಲಿ ಕೆಮ್ಮು ಶುರುವಾದವರು ಮೊದಲು ಹೋಗುವುದು ಬೀದಿಯ ಮೆಡಿಕಲ್ ಸ್ಟೋರಿಗೆ. ಅಲ್ಲಿ ಸಿಗುವುದು ಮತ್ತದೇ ಸೀಸೆ. ತುಮಕೂರಿನಿಂದ ಅರವತ್ತು ವರ್ಷ ದಾಟಿ ಬಂದರೂ ಸೀಸೆ ಬದಲಾಗಿಲ್ಲ, ಕೊಡುವ ಕೈ ಬದಲಾಗಿದೆ.

ಇದನ್ನೂ ‘ಅರಿವಿನ ಕೊರತೆ’ ಎಂದು ಬರೆದು ಭಿತ್ತಿಪತ್ರ ಅಂಟಿಸುವುದು ಸುಲಭ. ಇವರೆಲ್ಲ ಮೊಬೈಲ್ ಹಿಡಿದವರು, ಟಿ.ಬಿ. ಎಂದರೇನೆಂದು ಗೊತ್ತಿದ್ದವರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಿಸಿದ್ದರ ವಿರುದ್ಧ ಇದೇ ಹೊಸೂರು ರಸ್ತೆಗೆ ಸಾವಿರಾರು ಸಂಖ್ಯೆಯಲ್ಲಿ ಇಳಿದು ಕೇಂದ್ರ ಸರ್ಕಾರದ ಆದೇಶವನ್ನೇ ವಾಪಸು ತೆಗೆಸಿದ ಹೆಣ್ಣುಮಕ್ಕಳು ಇವರ ಅಕ್ಕಂದಿರು. ಅರಿವಿಲ್ಲದವರು ಮಾಡುವ ಕೆಲಸವೇ ಅದು? ಒಳ್ಳೆಯ ಯಂತ್ರಗಳೂ ಬಂದಿವೆ. ಒಂದೆರಡು ತಾಸಿನಲ್ಲಿ ಕಫದಲ್ಲಿನ ರೋಗಾಣುವಿನ ವಂಶವಾಹಿಯನ್ನೇ ಪತ್ತೆಮಾಡುವ ‘ಟ್ರೂನ್ಯಾಟ್’ ರೂಪುಗೊಂಡದ್ದು ಬೆಂಗಳೂರಿನ ಪ್ರಯೋಗಾಲಯದಲ್ಲಿ, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿತು. ಯಂತ್ರ ಇದೆ, ಮಾತ್ರೆ ಉಚಿತ. ಯಂತ್ರಕ್ಕೂ ಆ ಕೋಣೆಗೂ ನಡುವೆ ಏನಿದೆ ಎಂದು ಬ್ಯಾನರ್ಜಿಯವರ ಹಾಗೆ ಬಾಗಿಲಿಗೆ ಹೋಗಿ ಕೇಳುವವರು ಬೇಕು. ಇಲ್ಲಿ ಕಾಲೇಜುಗಳಿವೆ, ಸಮಾಜಕಾರ್ಯ ಓದುವ ಮಕ್ಕಳಿದ್ದಾರೆ, ದೊಡ್ಡ ದೊಡ್ಡ ಕಂಪನಿಗಳಲ್ಲಿ ಲೆಕ್ಕ ಬಲ್ಲ ಎಂಜಿನಿಯರುಗಳಿದ್ದಾರೆ. ಬೇಗೂರಿನ ಔಷಧದಂಗಡಿಗಳಲ್ಲಿ ಎರಡು ವಾರ ಮೀರಿದ ಕೆಮ್ಮಿಗೆ ಸೀಸೆ ಕೊಂಡವರು ಎಷ್ಟು ಜನ, ಅವರಲ್ಲಿ ಕಫ ಪರೀಕ್ಷೆಯವರೆಗೆ ಹೋದವರು ಎಷ್ಟು, ಹೋಗದವರು ಯಾಕೆ ಹೋಗಲಿಲ್ಲ, ಈ ಮೂರನ್ನು ಮೂರು ತಿಂಗಳು ಬರೆದಿಡಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಈ ದತ್ತಿಯ ಬಡ್ಡಿ ಮುಂದಿನ ವರ್ಷ ಭಾಷಣಕ್ಕೆ ಹೋಗುವ ಬದಲು ಅದಕ್ಕೆ ಹೋದರೆ ದತ್ತಿ ಇಟ್ಟವರಿಗೆ ಸಂತೋಷವಾದೀತು ಎಂದು ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.

ಹೋದ ತಿಂಗಳು ಪರಿಚಯದ ಆಶಾ ಕಾರ್ಯಕರ್ತೆಯ ಜೊತೆ ಅಂಥ ಒಂದು ಕೋಣೆಗೆ ಹೋಗಿದ್ದೆ. ಹುಡುಗಿಗೆ ಇಪ್ಪತ್ತೆರಡು ಇರಬಹುದು. ಒಂದೂವರೆ ತಿಂಗಳಿಂದ ಕೆಮ್ಮು, ಸಂಜೆ ಹೊತ್ತಿಗೆ ಸಣ್ಣ ಜ್ವರ, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕಫದ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ತಕ್ಷಣ ಬರುವ ಕಫವನ್ನು ಇದರಲ್ಲಿ ಹಿಡಿದು ಕ್ಲಿನಿಕ್ಕಿಗೆ ತಲುಪಿಸು ಎಂದೆವು. ಅವಳು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕ್ಲಿನಿಕ್ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದಳು. ಒಂಬತ್ತಕ್ಕೆ ಎಂದೆವು. ತನ್ನ ಫ್ಯಾಕ್ಟರಿ ಗೇಟು ಮುಚ್ಚುವುದೂ ಒಂಬತ್ತಕ್ಕೆ, ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತದೆ ಎಂದಳು. ರೂಮಿನವರು ಯಾರಾದರೂ ತಂದುಕೊಡಬಹುದಲ್ಲ ಎಂದು ಆಶಾ ಕೇಳಿದಳು.

‘ಅವರಿಗೂ ಅದೇ ಗೇಟು ಅಕ್ಕ’ ಎಂದಳು.